ಐದು ಗಂಟೆಯ ನೀರು

ತೀರಿಹೋದ ಗಂಡನಿಗೆ ತೊಡಿಸಿದ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದವಳು ತಲೆಯೆತ್ತಿದಳು. ಬಾಗಿಲ ಬಳಿ ಕುಳಿತಿದ್ದ ಹುಡುಗಿ, ಅವನ ಪ್ರಯೋಗಾಲಯದ ಸಂಶೋಧಕಿ, ಮತ್ತೆ ಗಡಿಯಾರ ನೋಡುತ್ತಿದ್ದಳು.

"ನೋಡಿದ್ರಾ ಅತ್ತಿಗೆ? ಹೆಣದ ಮುಂದೆ ಕೂತು ಗಳಿಗೆ ಎಣಿಸ್ತಾಳೆ," ಎಂದಳು ನಾದಿನಿ.

"ಸ್ಮಶಾನದ ಗಾಡಿ ಬರೋದು ಎರಡಕ್ಕೆ. ನಿನಗೇನಮ್ಮ ಅವಸರ?" ಎಂದು ಅವಳು ಹುಡುಗಿಯನ್ನು ಕೇಳಿದಳು.

ಹುಡುಗಿಯ ಕಣ್ಣು ತುಂಬಿತು. "ರಾತ್ರಿ ಎರಡು ಸಲ ತಪ್ಪಿಹೋಯ್ತು, ಈಗ ಹನ್ನೊಂದಕ್ಕಾದ್ರೂ ನೀರು ಬದಲಾಯಿಸ್ಬೇಕು ಆಂಟಿ. ಸರ್ ಇದ್ದಿದ್ರೆ..."

ಆ ಮಾತಿಗೆ ಅವಳ ಮೈ ಉರಿಯಬೇಕಿತ್ತು. ಮೂವತ್ತು ವರ್ಷ ಉರಿದಿತ್ತು.

*

ಮದುವೆಯಾದ ಹೊಸತರಲ್ಲಿ, ಊಟದ ನಡುವೆ ಎದ್ದವನನ್ನು ಅಡ್ಡಗಟ್ಟಿ ಕೇಳಿದ್ದಳು: "ಅಷ್ಟಕ್ಕೂ ನೀವು ಮಾಡೋದೇನು?"

"ತೂತು."

"ತೂತಾ?"

"ಮೂಳೆಯ ಚೂರು ಹೋದ ಕಡೆ ಇಡೋ ಬಿಲ್ಲೆ. ಅಂಟಿನಂಥ ದ್ರಾವಣಕ್ಕೆ ಜರಡಿ ಹಿಡಿದ ಉಪ್ಪು ಬೆರೆಸಿ ಅಚ್ಚಿಗೆ ಹಾಕ್ತೀನಿ. ಗಟ್ಟಿಯಾದ್ಮೇಲೆ ನೀರಲ್ಲಿಟ್ಟರೆ ಉಪ್ಪು ಕರಗಿ ಹೋಗತ್ತೆ, ಅದಿದ್ದ ಜಾಗ ತೂತಾಗತ್ತೆ. ಜೀವಕೋಶಗಳು ಬಂದು ಅಲ್ಲಿ ಸಂಸಾರ ಹೂಡ್ತವೆ. ಅದಕ್ಕೇ ಆರು ಗಂಟೆಗೊಮ್ಮೆ ನೀರು ಬದಲಾಯಿಸ್ಬೇಕು."

"ಅವುಗಳ ಸಂಸಾರಕ್ಕೆ ನಮ್ಮ ಸಂಸಾರ ತೂತು!"

ಅವನು ನಕ್ಕು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದ. ತಟ್ಟೆಯಲ್ಲಿದ್ದದ್ದು ಆರಿಹೋಗಿತ್ತು.

*

"ಬದಲಾಯಿಸದಿದ್ರೆ ಏನಾಗತ್ತೆ?" ಎಂದು ಹುಡುಗಿಯನ್ನು ಕೇಳಿದಳು.

"ಉಪ್ಪು ಉಳಿಯತ್ತೆ. ನಾಳೆ ಹಾಕೋ ಜೀವಕೋಶ ಎಲ್ಲ ಸಾಯ್ತವೆ. ಮುಂದೂಡೋಣ ಅಂದ್ರೆ ಬೆಳೆಸಿಟ್ಟಿರೋ ಅವು ಕಾಯೋದಿಲ್ಲ. ಸರ್ ಮಾಡಿದ ಕೊನೇ ಬಿಲ್ಲೆಗಳು ಇವೇ ಆಂಟಿ."

ಅವಳು ಗಂಡನ ತಣ್ಣನೆಯ ಕೈ ಮುಟ್ಟಿ, ಅವನನ್ನು ದೇವರಿಗೆ ಒಪ್ಪಿಸಿ ಎದ್ದಳು.

"ಎಲ್ಲಿಗೆ ಹೊರಟ್ರಿ ಅತ್ತಿಗೆ? ಜನ ಏನಂತಾರೆ!"

"ನಿಮ್ಮಣ್ಣನ ಕೆಲಸ ಅರ್ಧಕ್ಕೆ ನಿಂತಿದೆ. ಮೂವತ್ತು ವರ್ಷ ಆ ನೀರನ್ನ ಬೈದಿದ್ದೀನಿ, ಒಂದ್ಸಲ ಕಣ್ಣಾರೆ ನೋಡ್ತೀನಿ. ಗಾಡಿ ಬರೋದ್ರೊಳಗೆ ಬಂದೆ. ಅಲ್ಲೀತನಕ ಅವರ ಹತ್ರ ನೀನು ಕೂತಿರು."

ಎರಡು ಬೀದಿಯಾಚೆ ಪ್ರಯೋಗಾಲಯ. ಗಾಜಿನ ಪಾತ್ರೆಯ ತಳದಲ್ಲಿ ಹನ್ನೆರಡು ಬಿಳಿ ಬಿಲ್ಲೆಗಳಿದ್ದವು. ಅಂಗಿಯ ಗುಂಡಿಗಿಂತ ದೊಡ್ಡವಲ್ಲ. ಹುಡುಗಿ ಒಂದಿಷ್ಟು ನೀರನ್ನು ನಳಿಕೆಗೆ ತೆಗೆದು ಪರೀಕ್ಷೆಯ ಹನಿ ಬಿಟ್ಟಳು. ನೀರು ಹಾಲಿನಂತೆ ಬೆಳ್ಳಗಾಯಿತು.

"ಉಪ್ಪು ಇನ್ನೂ ಇದೆ. ಈಗ ಒಂದು, ಸಂಜೆ ಒಂದು ನೀರು ಬದಲಾಯಿಸಿದ್ರೆ ಹೋಗತ್ತೆ."

ಇಬ್ಬರೂ ಸೇರಿ ಹಳೆಯದನ್ನು ಬಸಿದು ಶುದ್ಧ ನೀರು ತುಂಬಿದರು. ಬಿಲ್ಲೆಗಳು ಮೆಲ್ಲನೆ ಸುತ್ತಿ ತಳಕ್ಕೆ ಇಳಿದವು.

ಗೋಡೆಯ ಹಾಳೆಯಲ್ಲಿ ಗಂಡನ ದುಂಡು ಅಕ್ಷರದ ವೇಳೆಗಳು ನಿನ್ನೆ ಸಂಜೆ ಐದಕ್ಕೆ ನಿಂತಿದ್ದವು. ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ಹಿಡಿದು, ರಾತ್ರಿಯ ಎರಡು ಸಾಲುಗಳನ್ನು ಖಾಲಿ ಬಿಟ್ಟು, ಅವಳು 'ಹನ್ನೊಂದು' ಎಂದು ಬರೆದಳು. ಒಂದು ಗಳಿಗೆ ನಿಂತು, ಅದರ ಕೆಳಗೆ 'ಐದು' ಎಂದೂ ಬರೆದಳು.