ಮಂದರ ಬೆಟ್ಟದ ನಾಲ್ಕು ಮನೆ

ಪದಬಂಧದ ನಾಲ್ಕು ಮನೆಯ ಒಂದು ಪದ ನನ್ನದಲ್ಲ. ಅಪ್ಪಾಜಿಗೆ ಮಾತ್ರ ನನ್ನದೇ ಎಂದು ಹೇಳಿದ್ದೆ. ಇಷ್ಟಕ್ಕೇ ಒಂದು ತಿಂಗಳಿಂದ ಊಟ ಸೇರಿರಲಿಲ್ಲ ಎಂದು ಬರೆದುಕೊಳ್ಳಲೂ ನಾಚಿಕೆ.

ಯುದ್ಧ ಶುರುವಾಗಿ ಕಾಗದ ಕಮ್ಮಿಯಾದರೂ ನಮ್ಮ ಮನೆಗೆ ಬರುವ ವಾರಪತ್ರಿಕೆ ಪುರಾಣ ಪದಬಂಧವನ್ನು ಬಿಟ್ಟಿಲ್ಲ. ಅದರ ಮನೆಗಳನ್ನೆಲ್ಲ ಶಾಸ್ತ್ರ, ಪುರಾಣಗಳ ಪದಗಳಿಂದ ತುಂಬಬೇಕು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಶಿರಾಕ್ಕೆ ಮರಳಿದ ಮೇಲೆ ನನಗೆ ಅದೊಂದೇ ಕೆಲಸ. ಲಿಂಗಪೂಜೆ ಮುಗಿಸಿ ಅಪ್ಪಾಜಿಯೂ ಪಕ್ಕದಲ್ಲಿ ಬಂದು ಕೂರುತ್ತಾರೆ.

ಕಳೆದ ತಿಂಗಳ ಒಂದು ವಾರ ನಂದಿಯ ತಂದೆ ಶಿಲಾದ ಸಿಕ್ಕಿದ, ಶಿವನ ಬಿಲ್ಲು ಪಿನಾಕವೂ ಸಿಕ್ಕಿತು. ಒಂದು ಉಳಿಯಿತು: ‘ಕ್ಷೀರಸಾಗರದಲ್ಲಿ ಮಂದರ ಪರ್ವತ ಆದದ್ದು.’ ನಾಲ್ಕು ಮನೆ, ಮೂರನೆಯದರಲ್ಲಿ ‘ಗೋ’.

“ಶಾಸ್ತ್ರದ ಪದ ಅಂದ್ಮೇಲೆ ಸಂಸ್ಕೃತವೇ ಇರ್ಬೇಕು,” ಎಂದು ಅಪ್ಪಾಜಿ ನಿಘಂಟು ತೆಗೆದರು. ಮೂರು ದಿನ ಗೋವು, ಗೋತ್ರ, ಗೋಳಗಳ ಹಿಂದೆ ಅಲೆದೆವು.

ನಾಲ್ಕನೆಯ ದಿನ ನಾನೊಬ್ಬಳೇ ಜಗಲಿಯಲ್ಲಿ ಕೂತು ಆ ಸಾಲನ್ನೇ ಓದುತ್ತಿದ್ದಾಗ, ಊರಾಚೆಯ ಹಟ್ಟಿಯ ಈರಕ್ಕ ಬೆಣ್ಣೆ ತಂದಳು.

“ಅದೇನವ್ವ, ಅಂಗೆ ಜಪ ಮಾಡ್ತಾ ಕುಂತಿದ್ದೀಯ?”

ಹೇಳಿದೆ.

“ದ್ಯಾವ್ರು, ರಾಕ್ಸಸ್ರು ಸೇರ್ಕಂಡು ಹಾಲು ಕಡುದ್ರಲ್ಲ, ಆ ಕತೆಯಾ? ಹಾವು ಹಗ್ಗ ಆದ್ಮೇಲೆ ಬೆಟ್ಟ ಇನ್ನೇನಾದಾತು, ಕಡಗೋಲು ಕಣವ್ವ! ಮಜ್ಜಿಗೆ ಕುಡ್ಯಾಕೆ ಬತ್ತದೆ, ಕಡ್ಯೋ ಕೋಲು ಗೊತ್ತಿಲ್ವಾ?” ಎಂದು ನಕ್ಕು ಹೊರಟುಹೋದಳು.

ಕಡಗೋಲು ನಾಲ್ಕೂ ಮನೆಗೆ ಸರಿಯಾಗಿ ಕೂತಿತು. ಅಡುಗೆಮನೆಯ ಕಂಬಕ್ಕೆ ಒರಗಿದ್ದನ್ನು ನಾವಿಬ್ಬರೂ ನಿಘಂಟಿನಲ್ಲಿ ಹುಡುಕಿದ್ದೆವು. ಅಪ್ಪಾಜಿ ಕೇಳಿದಾಗ ಆ ನಾಚಿಕೆಗೋ ಏನೋ, “ಕಾಲೇಜಿನ ಪುಸ್ತಕದಲ್ಲಿ ಓದಿದ ನೆನಪು,” ಎಂದುಬಿಟ್ಟೆ.

ಈ ವಾರ ಫಲಿತಾಂಶ ಬಂತು. ಪೂರ್ತಿ ಸರಿಯಾಗಿ ತುಂಬಿದವರು ಇಬ್ಬರೇ. ಒಬ್ಬಳು ಕುಮಾರಿ ಜಗದಾಂಬ, ಶಿರಾ; ಅಂದರೆ ನಾನು. ಅಪ್ಪಾಜಿ ಪತ್ರಿಕೆಯನ್ನು ಹಿಡಿದುಕೊಂಡು ಬೀದಿಯ ಆ ತುದಿಯವರೆಗೂ ಹೋಗಿಬಂದರು.

ಇವತ್ತು ಬೆಳಿಗ್ಗೆ ಮರುಳಸಿದ್ದಯ್ಯ ಮೇಷ್ಟ್ರು ಬಂದರು. ಮಠದಲ್ಲಿ ಹೆಣ್ಣುಮಕ್ಕಳ ಪಾಠಶಾಲೆ ನಡೆಸುವವರು ಅವರೇ. ಅಲ್ಲಿ ಪಾಠ ಹೇಳಬೇಕೆಂದು ನನಗೆ ವರ್ಷದಿಂದ ಆಸೆ. ಕೇಳಲು ಬಾಯಿ ಬಂದಿರಲಿಲ್ಲ.

“ಸ್ವಾಮಿಗಳು ಒಪ್ಪಿದಾರೆ, ವೀರಭದ್ರಯ್ಯನೋರೆ. ಪುರಾಣದ ಪಾಠ ನಿಮ್ಮ ಮಗಳೇ ಮಾಡ್ಲಿ,” ಎಂದವರು ನನ್ನ ಕಡೆ ತಿರುಗಿದರು. “ಮೂವತ್ತು ವರ್ಷ ಪುರಾಣ ಓದಿದೋನು, ಆ ನಾಲ್ಕು ಮನೇಲಿ ನಾನೂ ಸೋತೆ ಕಣಮ್ಮ! ಯಾವ ಪುಸ್ತಕದಲ್ಲಿತ್ತು? ಪಾಠ ಅಲ್ಲಿಂದ್ಲೇ ಶುರು ಮಾಡೋಣ.”

“ಹೇಳು ಮಗಳೇ, ಸಂಕೋಚ ಯಾಕೆ? ಕಾಲೇಜಿಂದು ಅಂದಿದ್ಯಲ್ಲ,” ಎಂದರು ಅಪ್ಪಾಜಿ.

ಈರಕ್ಕ ಮೆಟ್ಟಿಲ ಮೇಲೆ ಕೂತು ಮುತ್ತುಗದ ಎಲೆಯಿಂದ ಬೆಣ್ಣೆ ಬಿಡಿಸುತ್ತಿದ್ದಳು. ಅವಳಿಗೆ ಯಾವ ಪದದ ಮಾತೆಂದು ಗೊತ್ತಾಗಿರಲಿಲ್ಲ. “ಹೇಳವ್ವ, ನಾವೂ ಕೇಳಾನ. ಓದ್ದೋರ ಮಾತು ಕೇಳಾಕೇ ಚೆಂದ,” ಎಂದು ಬೆಣ್ಣೆಗೈಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ಒಂದಿಷ್ಟೂ ಕೊಂಕಿರಲಿಲ್ಲ.

ಪಾಠಶಾಲೆ ಕೈತಪ್ಪಿತೆಂದೇ ಅಂದುಕೊಂಡೆ.

“ಪುಸ್ತಕದಲ್ಲಿ ಓದಿದ್ದಲ್ಲ ಮೇಷ್ಟ್ರೇ,” ಎಂದೆ. “ನನಗೆ ಗೊತ್ತಿರಲಿಲ್ಲ. ಈರಕ್ಕ ಹೇಳಿಕೊಟ್ಟಳು.”