ಸೋರದ ಸೂರು

"ಸೋರದ ಸೂರನ್ನ ಯಾರಾದ್ರೂ ಕೀಳ್ತಾರೇನ್ರೀ?" ಎಂದಳು ಮೇಸ್ತ್ರಿಯ ಹೆಂಡತಿ, ಅಡುಗೆಮನೆಯ ಡಬ್ಬಿಗಳನ್ನು ನಡುಮನೆಗೆ ಸಾಗಿಸುತ್ತ. ಎರಡು ಡಬ್ಬಿಗೊಮ್ಮೆ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

"ಸೋರ್ತಾ ಇದೆ."

"ಎಲ್ಲಿ?"

ಮೇಸ್ತ್ರಿ ಮೇಲೆ ನೋಡಿದ. ಇಪ್ಪತ್ತೆರಡು ವರ್ಷದ ಹಿಂದೆ ತಾನೇ ಹೊದಿಸಿದ ಸಿಮೆಂಟ್ ಶೀಟು. ಒಂದು ಬಿರುಕಿಲ್ಲ. "ಮುಂದೆ ಸೋರತ್ತೆ," ಎಂದ. ಸುಳ್ಳು ಹೇಳುವುದರಲ್ಲಿ ಅವನು ಮೊದಲಿನಿಂದಲೂ ದಡ್ಡ.

ಅವಳು ಮೊಳೆಯ ಡಬ್ಬಿಗೆ ಕೈ ಹಾಕಿದಾಗ ಕಸಿದುಕೊಂಡು ತಾನೇ ಹೊತ್ತ. ಎಲ್ಲಕ್ಕಿಂತ ಭಾರದ ಡಬ್ಬಿ ಅದು. ಅವನ ಅಂಗಿ ಒಗೆಯುವ ಮುಂಚೆ ಜೇಬಿನಲ್ಲಿ ಸಿಕ್ಕ ಮೊಳೆ, ಸ್ಕ್ರೂ, ಬೋಲ್ಟುಗಳನ್ನೆಲ್ಲ ಅವಳು ಅದರಲ್ಲಿ ಹಾಕಿಡುತ್ತಿದ್ದಳು.

ಹಳೆ ಕಟ್ಟಡ ಬಿಚ್ಚುವುದು ಅವನ ಕಸುಬು. ಯಾರಾದರೂ ಅದನ್ನು 'ಒಡೆಯುವುದು' ಎಂದರೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಮೊದಲು ಬಾಗಿಲು ಕಿಟಕಿ, ಆಮೇಲೆ ಸೂರು, ತೊಲೆ, ಕೊನೆಗೆ ಗಾರೆ ಕೆರೆದು ಒಂದೊಂದೇ ಇಟ್ಟಿಗೆ, ಒಂದೂ ಹಾಳಾಗಬಾರದು. ಅವನ ಮನೆಯೂ ಹಾಗೆ ಕೂಡಿಬಂದದ್ದೇ. ಮುಂಬಾಗಿಲು ಅಂಚೆ ಕಚೇರಿಯದು, ಕಾಗದ ಹಾಕುವ ಸೀಳು ಇನ್ನೂ ಇದೆ. ಮಲಗುವ ಕೋಣೆಯ ಬಾಗಿಲು ಸಿನಿಮಾ ಮಂದಿರದ್ದು, 'ಅಪ್ಪಣೆಯಿಲ್ಲದೆ ಒಳಗೆ ಬರಬಾರದು' ಎಂದು ಬರೆದಿತ್ತು. ಬಂದ ನೆಂಟರಿಗೆಲ್ಲ ಅದನ್ನು ಓದಿ ಹೇಳಿ ನಗುವುದು ಅವಳ ಚಾಳಿ.

ಅಡುಗೆಮನೆಯ ಶೀಟು ಯಾವುದೋ ಗೋದಾಮಿನದು. ಉದ್ದ ಜಾಸ್ತಿಯಾಯಿತೆಂದು ಅಂಗಳದಲ್ಲಿಟ್ಟು ಗರಗಸದಿಂದ ಕೊಯ್ದಿದ್ದ. ಆ ತುದಿ ಹಿಡಿದು ಕೂತವಳು ಅವಳು. ಬಿಳಿ ಹುಡಿ ಹಾರಿ ಅವಳ ತಲೆಯ ಮೇಲೆಲ್ಲ ಕೂತಾಗ, "ಈಗ್ಲೇ ಮುದುಕಿ ಆಗ್ಬಿಟ್ಯಲ್ಲೇ," ಎಂದಿದ್ದ. "ಒಬ್ಳೇ ಯಾಕೆ ಆಗ್ಲಿ?" ಎಂದು ಅವಳು ಅವನ ಮುಖದ ಮುಂದೆಯೇ ತಲೆ ಕೊಡವಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಆ ಹುಡಿ ಏನೆಂದು ಗೊತ್ತಾದದ್ದು ಮೂರು ವರ್ಷದ ಹಿಂದೆ, ಕೆಲಸದವರಿಗೆ ತರಬೇತಿ ಕೊಡಲು ಒಬ್ಬ ಮೇಡಂ ಬಂದಾಗ. ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಕಣ್ಣಿಗೆ ಕಾಣದ ಎಳೆ, ಎದೆಯೊಳಗೆ ಹೊಕ್ಕರೆ ಅಲ್ಲೇ ಠಿಕಾಣಿ ಹೂಡುತ್ತದೆ, ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತು ಮೂವತ್ತು ವರ್ಷ. ಶೀಟನ್ನು ನೆನೆಸಿಯೇ ಇಳಿಸಬೇಕು, ಕೊಯ್ಯಬಾರದು, ಮುರಿಯಬಾರದು, ಹಾಕಿಕೊಂಡ ಬಟ್ಟೆ ಮನೆಗೆ ಒಯ್ಯಬಾರದು. "ಗಟ್ಟಿಯಾಗಿರೋ ಶೀಟನ್ನ ಮುಟ್ಟದೆ ಬಿಟ್ರೆ ಅದರ ಪಾಡಿಗೆ ಅದಿರತ್ತೆ," ಎಂದೂ ಮೇಡಂ ಹೇಳಿದ್ದರು. ಅಂದಿನಿಂದ ಕೆಲಸದಲ್ಲಿ ಎಲ್ಲ ಚಾಚೂ ತಪ್ಪದೆ ಮಾಡಿದ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಅವನು ಕಾಯುತ್ತಿದ್ದದ್ದು ತನ್ನ ಕೆಮ್ಮಿಗಾಗಿ. ಅವಳ ಕೆಮ್ಮು ಅವನ ಎಣಿಕೆಯಲ್ಲೇ ಇರಲಿಲ್ಲ.

ಹೋದ ತಿಂಗಳು ಡಾಕ್ಟರು ಎಕ್ಸ್‌ರೇ ಹಿಡಿದು ಕೇಳಿದರು. "ಯಾವ ಕಾರ್ಖಾನೇಲಿ ಕೆಲಸ ಮಾಡ್ತಿದ್ರಿ, ಅಮ್ಮ?"

"ಇವರ ಬಟ್ಟೆ ಒಗೆಯೋ ಕಾರ್ಖಾನೇಲಿ," ಎಂದು ಅವಳು ನಕ್ಕಳು.

ಡಾಕ್ಟರು ನಗಲಿಲ್ಲ. "ಒಗೆಯೋಕೆ ಮುಂಚೆ ಒದರ್ತಿದ್ರಾ?"

"ಒದರದೆ? ದಿನಾ ಅರ್ಧ ಕಟ್ಟಡ ಮೈಮೇಲೆ ಹೊತ್ಕೊಂಡೇ ಬರೋರು."

ಡಾಕ್ಟರು ಅದನ್ನು ಬರೆದುಕೊಂಡರು. ಮೇಸ್ತ್ರಿ ತನ್ನ ಅಂಗಿಯ ತೋಳನ್ನೇ ನೋಡಿದ. ಅಂದಿನಿಂದ ಆ ಸೂರಿನ ಕೆಳಗೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಕಿತ್ತರೆ ಏನೂ ಸರಿಹೋಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೀಳದೆ ಇರಲಾರದವನಾಗಿದ್ದ.

ಇಪ್ಪತ್ತು ವರ್ಷದಿಂದ ಜೊತೆಗೆ ದುಡಿದ ಉದ್ದಣ್ಣ ನೀರಿನ ಪಂಪು, ಪ್ಲಾಸ್ಟಿಕ್ ಸುರುಳಿ ಹಿಡಿದು ಬಂದ. ಅವಳನ್ನು ಬೀದಿಯಾಚೆಯ ಮನೆಯ ಜಗಲಿಗೆ ಕಳಿಸಿದರು. ಇಬ್ಬರೂ ಮಾಸ್ಕ್ ಬಿಗಿದು, ಶೀಟು ತೊಯ್ದು ತೊಪ್ಪೆಯಾಗುವಂತೆ ನೀರು ಹೊಡೆದು, ಬೋಲ್ಟು ತಿರುಗಿಸಿ ಬಿಚ್ಚಿದರು. ಮೊದಲ ಶೀಟು ಎತ್ತುವಾಗ ಬೀದಿಯಾಚೆಯಿಂದ ದನಿ ಬಂತು.

"ಆ ತುದಿ ನಾನು ಹಿಡ್ಕೊಳ್ಲೇನ್ರೀ?"

"ಬರ್ಬೇಡ!"

ಅವನು ಕಿರುಚಿದ ರಭಸಕ್ಕೆ ಉದ್ದಣ್ಣ ಏಣಿಯ ಮೇಲೆ ತಡವರಿಸಿದ. "ನಿಧಾನ, ಅಣ್ಣ. ಅತ್ತಿಗೆ ತಮಾಷೆಗೆ ಅಂದ್ರು."

ಮಧ್ಯಾಹ್ನದ ಹೊತ್ತಿಗೆ ಎಂಟೂ ಶೀಟು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಹಾಕಿ, ಗಾಡಿಗೆ ಹೇರಿದರು. ಅಡುಗೆಮನೆ ತೊಳೆದು, ಉದ್ದಣ್ಣ ಗಾಡಿ ಹತ್ತಿ ಹೋದ. ಮೇಸ್ತ್ರಿ ಹಿತ್ತಲ ನಲ್ಲಿಯ ಕೆಳಗೆ ಅಂಗಿಸಮೇತ ನೆನೆದು, ಆಮೇಲೆ ಅಂಗಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ. ಅಷ್ಟರಲ್ಲಿ ಅವಳು ಬಂದು, ಒಗೆಯುವ ಕಲ್ಲಿನ ಪಕ್ಕ ನಿಂತು ಕೈ ಚಾಚಿದಳು.

"ಕೊಡಿ."

"ಇದು ಒಗೆಯೋದಲ್ಲ. ಬಿಸಾಕೋದು."

"ಇಷ್ಟು ವರ್ಷ ಒಗ್ದಿಲ್ವಾ?"

"ಅದೇ ಕಣೇ," ಎಂದ. "ದಿನಾ ನಾನೇ ತಂದೆ. ನಾನೇ ನಿನ್ನ ಕೈಗೆ ಕೊಟ್ಟೆ."

ಅವಳು ಚಾಚಿದ ಕೈ ಹಿಂದೆಗೆಯಲಿಲ್ಲ. "ಡಾಕ್ಟ್ರು ಬರ್ಕೊಂಡಾಗ್ಲೇ ನಂಗೆ ಗೊತ್ತಾಯ್ತು. ನಿಮ್ಮ ಮುಖ ನೋಡಿ ಸುಮ್ನಾದೆ."

ಅವನು ತಲೆ ತಗ್ಗಿಸಿ ಚೀಲದ ಬಾಯಿ ಬಿಗಿದ. ಒಂದು ಗಂಟು, ಅದರ ಮೇಲೆ ಇನ್ನೊಂದು. ಕಣ್ಣೀರಿಗೆ ಗಂಟು ಸರಿಯಾಗಿ ಕಾಣುತ್ತಿರಲಿಲ್ಲ.

"ಜೇಬು ನೋಡಿದ್ರಾ?" ಎಂದಳು ಅವಳು.

ನೋಡಿರಲಿಲ್ಲ. ಚೀಲ ಎತ್ತಿದಾಗ ಒಳಗೆ ಬೋಲ್ಟುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವನು ಗಂಟು ಬಿಚ್ಚಲಿಲ್ಲ. ಅವಳು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಣಗಿದ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತಳು.