ಮೊದಲ ಬೆಂಚಿನ ಟೀಚರ್

ಜಸೀಲ ತನ್ನ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸುವುದನ್ನು ಸುಲೋಚನಾ ಬಾಗಿಲಲ್ಲಿ ನಿಂತು ನೋಡಿದಳು. ಕೇರಳದ ಒಟ್ಟಪಾಲದ ಈ ಬಿ.ಎಡ್. ಕಾಲೇಜಿನಲ್ಲಿ ಇಷ್ಟು ವರ್ಷ ಅಭ್ಯಾಸ ಪಾಠವೆಂದರೆ ಹಿಂದಿನ ಬೆಂಚಿನಲ್ಲಿ ಸುಲೋಚನಾ ಟೀಚರ್, ಅವಳ ಕೆಂಪು ಪೆನ್ನು. ಈ ವರ್ಷ ಜಸೀಲ ಹೊಸ ಟೀಚರಾಗಿ ಸೇರಿದ ಮೇಲೆ ಹುಡುಗಿಯರು ಪಾಠ ಮುಗಿದ ಕೂಡಲೇ ತಮ್ಮ ವಿಡಿಯೋ ನೋಡಲು ಆ ಫೋನನ್ನು ಮುತ್ತುತ್ತಿದ್ದರು. ಅನಘ ಕೂಡ. ಮೊದಲ ದಿನ ಬೋರ್ಡಿಗೆ ಮುಖ ಮಾಡಿ ಅತ್ತಿದ್ದ ಅನಘಳ ಬಾಯಿಂದ ಮಾತು ಹೊರಡಿಸಿದವಳು ಸುಲೋಚನಾ. ಅವಳ ಪರೀಕ್ಷೆಯ ಪಾಠ ಹತ್ತಿರ ಬಂದಿತ್ತು. ಯಾರ ಬಳಿ ತಯಾರಾಗುತ್ತೇನೆಂದು ಅವಳಿನ್ನೂ ಹೇಳಿರಲಿಲ್ಲ.

“ಬನ್ನಿ ಟೀಚರೇ, ನೀವೇ ಒಂದು ಪಾಠ ಮಾಡಿ ತೋರ್ಸಿ. ರೆಕಾರ್ಡ್ ಮಾಡಿಟ್ರೆ ಮುಂದಿನ ಬ್ಯಾಚಿಗೂ ಆಗತ್ತೆ,” ಎಂದಳು ಜಸೀಲ.

“ನಾನು ಸತ್ಮೇಲೆ ಹಾಕ್ಕೊಂಡು ನೋಡೋಕಾ?”

ಹುಡುಗಿಯರು ನಕ್ಕರು. ಅನಘಳೂ ನಕ್ಕಳು. ಅಷ್ಟು ಸಾಕಾಯಿತು, ಸುಲೋಚನಾ ಸೆರಗು ಸಿಕ್ಕಿಸಿ ಸೀಮೆಸುಣ್ಣ ಎತ್ತಿಕೊಂಡಳು.

ಎಂದಿನಂತೆ ಹುಡುಗಿಯರೇ ಐದನೇ ಕ್ಲಾಸಿನ ಮಕ್ಕಳಾಗಿ ಕೂತರು. ಭಿನ್ನರಾಶಿಯ ಪಾಠ: ಕೊಳವೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು ಒಂದು, ನಾಲ್ಕು ಜನ, ಒಬ್ಬರಿಗೆಷ್ಟು? ಈ ‘ಮಕ್ಕಳು’ ಯಾವತ್ತೂ ತಪ್ಪು ಹೇಳುವುದಿಲ್ಲ. ಪಾಠ ಸೊಗಸಾಗಿಯೇ ಮುಗಿಯಿತು.

ಆಮೇಲೆ ಅದನ್ನು ಗೋಡೆಯ ಪರದೆಗೆ ಹಾಕಿದರು. ಮಕ್ಕಳ ಮುಖವೂ ಕಾಣಲೆಂದು ಜಸೀಲ ಫೋನನ್ನು ಬೋರ್ಡಿನ ಪಕ್ಕ ಇಟ್ಟಿದ್ದಳು. ಪರದೆಯ ಸುಲೋಚನಾ ಮೊದಲ ಪ್ರಶ್ನೆಯನ್ನು ಅನಘಳಿಗೆ ಕೇಳಿದಳು. ಎರಡನೆಯದನ್ನೂ. ಮೂರನೆಯದನ್ನೂ.

“ಟೀಚರೇ, ನಾವೆಲ್ಲ ಆಬ್ಸೆಂಟಾ?” ಹಿಂದಿನಿಂದ ಒಬ್ಬಳು ಕೂಗಿದಳು.

ಸುಲೋಚನಾಳೂ ಎಲ್ಲರೊಂದಿಗೆ ನಕ್ಕಳು. ಆದರೆ ಅವಳ ಕಣ್ಣು ಬೇರೆಡೆ ನೆಟ್ಟಿತ್ತು. ಪ್ರತಿ ಉತ್ತರಕ್ಕೂ ಮೊದಲು ಅನಘ ಫೋನಿನ ಕಡೆ ನೋಡುತ್ತಿದ್ದಳು. ಫೋನಿನ ಪಕ್ಕ ನಿಂತಿದ್ದವಳು ಜಸೀಲ. ಅಲ್ಲಿಂದ ಒಪ್ಪಿಗೆ ಸಿಕ್ಕಿತೆಂಬಂತೆ ಅನಘಳ ಮುಖ ಅರಳುತ್ತಿತ್ತು, ಆಮೇಲೆ ಉತ್ತರ. ಆ ಹೊತ್ತಿನಲ್ಲೆಲ್ಲ ಪರದೆಯ ಸುಲೋಚನಾ ಬೋರ್ಡಿಗೆ ತಿರುಗಿ ಬರೆಯುತ್ತಿದ್ದಳು.

“ಅಳಿಸ್ಲಾ ಟೀಚರೇ?” ಜಸೀಲ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ಅವಳೂ ನೋಡಿದ್ದಳು. ಆ ಮೃದು ದನಿಯೇ ಹೆಚ್ಚು ಉರಿಸಿತು.

“ಬೇಡ. ಎಲ್ಲ ಮಕ್ಕಳನ್ನೂ ನೋಡಿ ಅಂತ ಇಷ್ಟು ವರ್ಷ ಬಾಯಿ ಬಡ್ಕೊಂಡ ಟೀಚರೇ ಒಬ್ಬಳನ್ನ ನೋಡ್ಕೊಂಡು ನಿಂತಿದ್ಲು ಅಂತ ತೋರ್ಸು.”

ವರಾಂಡದಲ್ಲಿ ಅನಘ ಹಿಂದೆ ಬಂದಳು. “ಟೀಚರೇ, ಪರೀಕ್ಷೆ ಪಾಠಕ್ಕೆ... ಜಸೀಲ ಟೀಚರ್ ಹತ್ರ...” ದುಪಟ್ಟಾದ ತುದಿ ಬೆರಳಿಗೆ ಸುತ್ತುತ್ತಿತ್ತು.

“ಹೋಗು ಮಗಳೇ.”

“ಅಭ್ಯಾಸ ಮಾಡೋವಾಗ ನೀವೂ ಹಿಂದಿನ ಬೆಂಚಲ್ಲಿ ಕೂರ್ತೀರಲ್ವಾ?”

“ಇಲ್ಲ. ಮೊದಲ ಬೆಂಚಲ್ಲಿ ಕೂರ್ತೀನಿ, ಮಗು ಆಗಿ. ಕೇಳಿದ್ದಕ್ಕೆಲ್ಲ ತಪ್ಪು ಉತ್ತರ ಹೇಳ್ತೀನಿ. ಆಗ ನನ್ನನ್ನ ನೋಡ್ದೆ ಏನ್ಮಾಡ್ತೀಯಾ?”

ಅನಘ ನಕ್ಕಳು. ತಮಾಷೆ ಎಂದುಕೊಂಡಿರಬೇಕು.